ಪುಣೆಯಲ್ಲಿ ಹಸಿರಿರುವ ದೊಡ್ಡ ಸೊಸೈಟಿ (ಅಪಾರ್ಟ್‌ಮೆಂಟ್ ಸಮುಚ್ಚಯ): ಮಗರಪಟ್ಟಾನಾ, ನಾಂದೇಡ್ ಸಿಟಿನಾ, ಹಿಂಜವಡಿನಾ, ಟೇಕಡಿ (ಗುಡ್ಡ) ಪಕ್ಕದ ಹಳೇ ಕಟ್ಟಡಾನಾ?

ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಕೆಲಸಕ್ಕೆಂದು ಪುಣೆಗೆ ಬರುವವರು ಮನೆ ಹುಡುಕುವಾಗ ಕೇಳುವುದು ಹೆಚ್ಚು ಕಡಿಮೆ ಒಂದೇ. ಮಕ್ಕಳು ಗಾಡಿಗಳ ಭಯವಿಲ್ಲದೆ ಆಡಬೇಕು. ಊರಿಂದ ಅಪ್ಪ-ಅಮ್ಮ ಬಂದರೆ ಸಂಜೆ ಓಡಾಡಲು ಮರದ ನೆರಳಿರಬೇಕು. ಕಿರಾಣಿ, ಔಷಧಿ ಅಂಗಡಿ ಗೇಟಿನ ಒಳಗೇ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ಹೇಳಿದ ಕೂಡಲೇ ಬ್ರೋಕರ್ ಟೌನ್‌ಶಿಪ್‌ಗಳ ಹೆಸರು ಒಂದೊಂದಾಗಿ ಹೇಳತೊಡಗುತ್ತಾನೆ. ಎಲ್ಲದರಲ್ಲೂ ಇಷ್ಟು ಎಕರೆ ಹಸಿರು, ಅಷ್ಟು ಸಾವಿರ ಮರ.

ಎಕರೆ ಲೆಕ್ಕ ನೋಡಿ ಮನೆ ಆರಿಸಬೇಡಿ ಎನ್ನುವುದು ನನ್ನ ವಾದ. ಮೇ ತಿಂಗಳಲ್ಲಿ ಆ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ, ಅದರ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ, ಇವೆರಡು ಗೊತ್ತಾದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ. ಪುಣೆಯ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಇಲ್ಲಿನ ಬಂಡೆಯ ಮೇಲೂ ಹುಲ್ಲು ಬರುತ್ತದೆ. ಆಗಸ್ಟ್‌ನಲ್ಲಿ ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೋದವರಿಗೆ ಯಾವ ಸೊಸೈಟಿಯೂ ಕೊಡಗಿನಂತೆಯೇ ಕಾಣುತ್ತದೆ. ಏಪ್ರಿಲ್ ಕೊನೆಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ನೆರಳು ಎಷ್ಟಿದೆ ಅಂತ ಆಗ ಗೊತ್ತಾಗುತ್ತದೆ.

ನೆಲದ ತೋಟ, ಪೋಡಿಯಂ ತೋಟ

ಜಾಗಗಳ ಹೋಲಿಕೆಗೆ ಮೊದಲು ಇದೊಂದನ್ನು ಬಿಡಿಸಿಕೊಳ್ಳಬೇಕು. ಬ್ರೋಶರ್‌ನಲ್ಲಿ ಹಸಿರು ಬಣ್ಣ ಬಳಿದದ್ದೆಲ್ಲ ಒಂದೇ ಜಾತಿಯದಲ್ಲ. ನಿಜವಾದ ಮಣ್ಣಿನ ಮೇಲೆ ಬೆಳೆದ ತೋಟ ಒಂದು. ಕೆಳಗೆ ಎರಡು ಮಹಡಿ ಪಾರ್ಕಿಂಗ್ ಕಟ್ಟಿ, ಅದರ ಚಾವಣಿಯ ಮೇಲೆ ಮಣ್ಣು ಸುರಿದು ಮಾಡಿದ ಪೋಡಿಯಂ ತೋಟ ಇನ್ನೊಂದು. ಪೋಡಿಯಂ ಮೇಲೆ ಹುಲ್ಲು, ಕ್ರೋಟನ್, ಚಿಕ್ಕ ಪಾಮ್ ಬರುತ್ತವೆ. ಬೇವು, ಆಲ, ಹೊಂಗೆ ಬೆಳೆಯಲು ಬೇರಿಗೆ ಜಾಗವಿಲ್ಲ. ಹಾಗಾಗಿ ಹತ್ತು ವರ್ಷ ಕಳೆದರೂ ನೆರಳು ಬರುವುದಿಲ್ಲ. ವಾಟರ್‌ಪ್ರೂಫಿಂಗ್ ಹಾಳಾದ ದಿನ ಕೆಳಗೆ ನಿಲ್ಲಿಸಿದ ಕಾರುಗಳ ಮೇಲೆ ಸುಣ್ಣದ ನೀರು ತೊಟ್ಟಿಕ್ಕುತ್ತದೆ. ರಿಪೇರಿಗೆ ಇಡೀ ತೋಟ ಅಗೆಯಬೇಕಾಗುತ್ತದೆ. ನನಗೆ ಪೋಡಿಯಂ ತೋಟ ಇಷ್ಟವಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಆದರೆ ಸಣ್ಣ ಮಕ್ಕಳಿರುವವರಿಗೆ ಅದರಲ್ಲೂ ಲಾಭವಿದೆ. ಮೇಲೆ ಗಾಡಿ ಬರುವುದೇ ಇಲ್ಲ.

ಮಹಾರಾಷ್ಟ್ರದ 2020ರ ಏಕೀಕೃತ ಕಟ್ಟಡ ನಿಯಮಗಳ ಪ್ರಕಾರ 4,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಜಾಗದಲ್ಲಿ ಶೇ. 10ರಷ್ಟನ್ನು ವಿಹಾರಕ್ಕೆಂದು ಖಾಲಿ ಬಿಡಬೇಕು. ಅಂದರೆ ಅಷ್ಟು ಬಿಟ್ಟದ್ದು ಬಿಲ್ಡರ್‌ನ ದೊಡ್ಡ ಮನಸ್ಸೇನಲ್ಲ, ಕಾನೂನು. ಅದಕ್ಕಿಂತ ಹೆಚ್ಚು ಬಿಟ್ಟಿದ್ದರೆ ಮಾತ್ರ ಹೊಗಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 20,000 ಚದರ ಮೀಟರಿಗಿಂತ ಹೆಚ್ಚು ಕಟ್ಟುವ ಯೋಜನೆಗೆ 2006ರ ಪರಿಸರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕೇ ಬೇಕು. ಆ ಪತ್ರದಲ್ಲಿ ನೀರಿನ ಮೂಲ, ಕೊಳಚೆ ಶುದ್ಧೀಕರಣ ಘಟಕದ ಅಳತೆ, ಹಸಿರು ಪ್ರದೇಶ, ನೆಡಬೇಕಾದ ಮರಗಳ ಸಂಖ್ಯೆ ಎಲ್ಲ ಬರೆದಿರುತ್ತದೆ. ಕೇಂದ್ರದ 'ಪರಿವೇಶ್' ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಬಹುದು. ಮಾರಾಟದ ಹುಡುಗ ಹೇಳಿದ್ದನ್ನು ಆ ಪತ್ರದ ಜೊತೆ ಇಟ್ಟು ನೋಡಿ. ಒಂದು ಗಂಟೆಯ ಕೆಲಸ ಅಷ್ಟೇ.

ಮಗರಪಟ್ಟಾ ಮತ್ತು ಎದುರಿನ ಅಮನೋರಾ

ಹಡಪ್ಸರ್‌ನ ಮಗರಪಟ್ಟಾ ಸಿಟಿಯ ಕಥೆ ಬೇರೆ ಟೌನ್‌ಶಿಪ್‌ಗಳದಂತಲ್ಲ. ಇಲ್ಲಿ ಬಿಲ್ಡರ್ ಬಂದು ರೈತರ ಜಮೀನು ಕೊಂಡದ್ದಲ್ಲ. ಸುಮಾರು 120 ರೈತ ಕುಟುಂಬಗಳು ಸತೀಶ್ ಮಗರ್ ಅವರ ಮುಂದಾಳತ್ವದಲ್ಲಿ ತಮ್ಮ ಜಮೀನು ಒಟ್ಟು ಸೇರಿಸಿ, ಕಂಪನಿ ಮಾಡಿ, ಜಮೀನಿಗೆ ತಕ್ಕಂತೆ ಪಾಲು ಹಂಚಿಕೊಂಡರು. 2000ದ ಸುಮಾರಿಗೆ ಕೆಲಸ ಶುರುವಾಯಿತು. 400 ಎಕರೆ ದಾಟಿದ ಜಾಗ. ನಕ್ಷೆ ಹಾಕಿದ್ದು ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರ್. ನಟ್ಟ ನಡುವೆ ಸುಮಾರು 25 ಎಕರೆಯ ಅದಿತಿ ಗಾರ್ಡನ್, ಅದರ ಸುತ್ತ ಮನೆಗಳು, ಒಂದು ಬದಿಗೆ ಐಟಿ ಪಾರ್ಕ್. ವಸತಿ ಗುಂಪುಗಳಿಗೆಲ್ಲ ಹೂವು-ಗಿಡಗಳ ಹೆಸರು: ಐರಿಸ್, ಕಾಸ್ಮಾಸ್, ಡ್ಯಾಫೋಡಿಲ್ಸ್, ಹೆಲಿಕೋನಿಯಾ, ಲಬರ್ನಮ್.

ಇದರ ದೊಡ್ಡ ಬಲ ವಯಸ್ಸು. ಮರಗಳಿಗೆ ಎರಡು ದಶಕ ದಾಟಿದೆ. ರಸ್ತೆಯ ಎರಡೂ ಬದಿಯ ಕೊಂಬೆಗಳು ಮೇಲೆ ಕೂಡಿಕೊಂಡಿರುವ ಕಡೆ ಮೇ ತಿಂಗಳ ಮಧ್ಯಾಹ್ನವೂ ನಡೆಯಬಹುದು. ಹೊಸ ಟೌನ್‌ಶಿಪ್ ಎಷ್ಟೇ ದುಡ್ಡು ಸುರಿದರೂ ಈ ನೆರಳನ್ನು ಕೊಳ್ಳಲಾರದು. ಅದಿತಿ ಗಾರ್ಡನ್ ನೆಲದ ಮೇಲಿನ ನಿಜವಾದ ತೋಟ. ಬೆಳಿಗ್ಗೆ ಅಲ್ಲಿ ಸುತ್ತು ಹಾಕುವಾಗ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಹಿಂದಿ-ಮರಾಠಿ ಬಾರದ ಅಮ್ಮನಿಗೆ ಬೆಂಚಿನ ಮೇಲೆ ಮಾತಿಗೆ ಯಾರಾದರೂ ಸಿಗುತ್ತಾರೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ಹದಿನೈದು ದಿನಕ್ಕೇ ವಾಪಸ್ ಹೊರಡುವುದು ಮಾತಿಗೆ ಜನ ಸಿಗದೆ.

ತೊಂದರೆ? ಒಂದು, ಕಟ್ಟಡಗಳಿಗೂ ಅಷ್ಟೇ ವಯಸ್ಸಾಗಿದೆ. ಲಿಫ್ಟ್, ಪೈಪು, ಹೊರಗೋಡೆಯ ಸೋರಿಕೆ ವಿಚಾರಿಸಿಯೇ ಮುಂದುವರಿಯಿರಿ. ಎರಡು, ಗೇಟಿನ ಹೊರಗಿನ ಹಡಪ್ಸರ್. ಸಂಜೆ ಸೋಲಾಪುರ ರಸ್ತೆಯ ದಟ್ಟಣೆ ನೋಡದೆ ನಿರ್ಧಾರ ಮಾಡಬೇಡಿ. ಕೆಲಸ ಒಳಗಿನ ಐಟಿ ಪಾರ್ಕ್‌ನಲ್ಲೋ ಖರಾಡಿಯಲ್ಲೋ ಇದ್ದರೆ ಸರಿ. ಹಿಂಜವಡಿಯಲ್ಲಿ ಕೆಲಸ, ಮಗರಪಟ್ಟಾದಲ್ಲಿ ಮನೆ ಎಂದರೆ ದಿನವೂ ಪುಣೆಯನ್ನು ಅಡ್ಡಲಾಗಿ ದಾಟಿದಂತೆ. ಅಂಥವರಿಗೆ ತೋಟ ಭಾನುವಾರ ಮಾತ್ರ ಕಾಣುತ್ತದೆ.

ರಸ್ತೆ ದಾಟಿದರೆ ಅಮನೋರಾ ಪಾರ್ಕ್ ಟೌನ್. ಇದೂ ನೂರಾರು ಎಕರೆಯದು, ಆದರೆ ಲೆಕ್ಕಾಚಾರ ಬೇರೆ. ಇಲ್ಲಿ ಕಟ್ಟಡಗಳು ಎತ್ತರ, ಕೆಲವು ಟವರ್‌ಗಳು 40 ಮಹಡಿ ದಾಟಿವೆ. ಮೇಲಿನ ಮನೆಗೆ ಗಾಳಿ, ಬೆಳಕು, ನೋಟ ಭರ್ಜರಿ. ದೊಡ್ಡ ಮಾಲ್ ಕಾಲ್ನಡಿಗೆಯಲ್ಲಿದೆ. ಹಸಿರಿನ ವಿಷಯಕ್ಕೆ ಬಂದರೆ, ಮೂವತ್ತನೇ ಮಹಡಿಯಿಂದ ತೋಟ ನೋಡುವುದು ಒಂದು, ತೋಟಕ್ಕೆ ಇಳಿಯುವುದು ಇನ್ನೊಂದು. ಲಿಫ್ಟ್‌ಗೆ ಕಾಯಬೇಕು, ಮಗುವಿನ ಸೈಕಲ್ ಹಿಡಿದುಕೊಂಡು ಇಳಿಯಬೇಕು. ನಾಲ್ಕನೇ ಮಹಡಿಯವರು ದಿನಕ್ಕೆ ಮೂರು ಸಲ ಇಳಿದರೆ ಮೂವತ್ತನೆಯವರು ಒಂದು ಸಲ ಇಳಿಯುತ್ತಾರೆ. ಹಸಿರು ಬಳಸುವ ಮನಸ್ಸಿದ್ದವರು ಕೆಳಗಿನ ಮಹಡಿ ಹಿಡಿಯಿರಿ. ಎತ್ತರಕ್ಕೆಂದು ಬಿಲ್ಡರ್ ಕೇಳುವ ಹೆಚ್ಚಿನ ದುಡ್ಡೂ ಉಳಿಯುತ್ತದೆ. ಸೊಳ್ಳೆ ಸ್ವಲ್ಪ ಜಾಸ್ತಿ, ಜಾಲರಿ ಹಾಕಿಸಿ.

ನಾಂದೇಡ್ ಸಿಟಿ: ರಾಗಗಳ ಹೆಸರು, ನೀರಿನ ಪ್ರಶ್ನೆ

ಮಗರಪಟ್ಟಾದ ಮಾದರಿಯನ್ನೇ ಅದೇ ಬಳಗ ಸಿಂಹಗಡ ರಸ್ತೆಯಲ್ಲಿ ಇನ್ನೂ ದೊಡ್ಡದಾಗಿ ಮಾಡಿತು. ಮುಠಾ ನದಿಯ ಪಕ್ಕ ಸುಮಾರು 700 ಎಕರೆ. ಇಲ್ಲೂ ರೈತರೇ ಪಾಲುದಾರರು. ವಸತಿ ಗುಂಪುಗಳಿಗೆ ರಾಗಗಳ ಹೆಸರಿಟ್ಟಿದ್ದಾರೆ: ಅಸಾವರಿ, ಮಧುವಂತಿ, ಸಾರಂಗ, ಲಲಿತ, ಮಂಗಲ ಭೈರವ. ಭೀಮಸೇನ ಜೋಶಿಯವರನ್ನು ಪುಣೆಗೆ ಕೊಟ್ಟ ಗದಗ-ಧಾರವಾಡದವರಿಗೆ ವಿಳಾಸ ಬರೆಯುವಾಗಲೇ ಖುಷಿಯಾಗಬಹುದು. ಕೊರಿಯರ್ ಹುಡುಗ 'ಮಧುವಂತಿ ಕುಠೆ ಆಹೆ' (ಮಧುವಂತಿ ಎಲ್ಲಿದೆ) ಎಂದು ಕೂಗುವುದನ್ನು ಕೇಳಲು ನನಗಂತೂ ಮಜಾ.

ಜಾಗ ವಿಶಾಲ, ರಸ್ತೆ ಅಗಲ, ಗಾಳಿ ಚೆನ್ನಾಗಿದೆ. ಮಳೆಗಾಲದಲ್ಲಿ ಸಿಂಹಗಡದ ಕಡೆಯಿಂದ ಮೋಡ ಇಳಿದು ಬರುವುದನ್ನು ಬಾಲ್ಕನಿಯಲ್ಲೇ ನೋಡಬಹುದು. ಬೆಳಿಗ್ಗೆ ಬೇಗ ಹೊರಟರೆ ಖಡಕ್‌ವಾಸ್ಲಾ ಜಲಾಶಯದ ದಂಡೆ, ಇನ್ನೂ ಮುಂದೆ ಹೋದರೆ ಗಡದ ಮೇಲೆ ಪಿಠಲೆ-ಭಾಕ್ರಿ. ನಮ್ಮ ಜುಣಕ-ರೊಟ್ಟಿಗೆ ಹತ್ತಿರದ ನೆಂಟ.

ಆದರೆ ಇಲ್ಲಿ ಎರಡು ಘಟನೆ ತಿಳಿದುಕೊಂಡೇ ಮುಂದೆ ಹೋಗಬೇಕು. 2024ರ ಜುಲೈ 25ರಂದು ಜೋರು ಮಳೆ, ಜೊತೆಗೆ ಖಡಕ್‌ವಾಸ್ಲಾದಿಂದ ಬಿಟ್ಟ ನೀರು ಸೇರಿ ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಕಟ್ಟಡಗಳ ಕೆಳಗಿನ ಮನೆಗಳು ಮುಳುಗಿದವು. ಅದು ನಾಂದೇಡ್ ಸಿಟಿಯಿಂದ ಕೆಳಗೆ, ಊರಿನ ಕಡೆ. ಅಲ್ಲಿ ಆದದ್ದು ಇಲ್ಲೂ ಆಗುತ್ತದೆ ಎಂದಲ್ಲ. ಆದರೆ ನದಿ ಪಕ್ಕದ ಯಾವ ಯೋಜನೆಗೂ ಕೇಳಬೇಕಾದ ಪ್ರಶ್ನೆ ಇದೆ: ನೀಲಿ ರೇಖೆ, ಕೆಂಪು ರೇಖೆ ಎಲ್ಲಿ ಹಾದು ಹೋಗುತ್ತವೆ? ಜಲಸಂಪನ್ಮೂಲ ಇಲಾಖೆ ಗುರುತಿಸುವ ಪ್ರವಾಹದ ಗೆರೆಗಳಿವು. ನೀಲಿ ಎಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ, ಕೆಂಪು ಎಂದರೆ 100 ವರ್ಷಕ್ಕೊಮ್ಮೆ. 'ರಿವರ್ ವ್ಯೂ' ಎಂದು ಹೆಚ್ಚು ದುಡ್ಡು ಕೇಳುವವರು ಈ ನಕ್ಷೆಯನ್ನೂ ತೋರಿಸಲಿ.

ಎರಡನೆಯದು 2025ರ ಜನವರಿಯ ಗಿಯಾನ್-ಬಾರೆ, ಅಂದರೆ ನರಗಳಿಗೆ ತಗುಲಿ ಕೈಕಾಲು ಸೋಲಿಸುವ ಕಾಯಿಲೆ. ಆಗ ರೋಗಿಗಳು ಹೆಚ್ಚು ಕಂಡದ್ದು ಈ ಸುತ್ತಿನಲ್ಲೇ: ಕಿರ್ಕಟವಾಡಿ, ನಾಂದೇಡ್ ಗ್ರಾಮ, ಧಾಯರಿ, ನಾಂದೋಶಿ. ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಕ್ಕಿತು, ಅನುಮಾನ ಕುಡಿಯುವ ನೀರಿನ ಕಡೆ ತಿರುಗಿತು. ಈ ಹಳ್ಳಿಗಳಲ್ಲಿ ಹಲವು 2021ರಲ್ಲಿ ಪುಣೆ ಪಾಲಿಕೆಗೆ ಸೇರಿದ 23 ಹಳ್ಳಿಗಳ ಪಟ್ಟಿಯಲ್ಲಿದ್ದಂಥವು. ಪಾಲಿಕೆಗೆ ಸೇರಿದ ಮಾತ್ರಕ್ಕೆ ಶುದ್ಧೀಕರಿಸಿದ ನೀರಿನ ಪೈಪು ಮರುದಿನವೇ ಬರುವುದಿಲ್ಲ. ಮುಖ್ಯ ಅಣೆಕಟ್ಟು ಕಣ್ಣೆದುರೇ ಇದ್ದರೂ ಕುಡಿಯುವ ನೀರಿಗೆ ಬಾವಿ ನೆಚ್ಚಿಕೊಂಡ ಜನ ಇದ್ದರು ಎನ್ನುವುದು ಎಷ್ಟು ವಿಚಿತ್ರ, ಅಲ್ವಾ? ದೊಡ್ಡ ಟೌನ್‌ಶಿಪ್‌ಗೆ ಸ್ವಂತ ಶುದ್ಧೀಕರಣ ಘಟಕ ಇದ್ದರೆ ಅದೇ ಅದರ ದೊಡ್ಡ ಲಾಭ. ಅಲ್ಲಿಯ ನೀರನ್ನು ಯಾವಾಗ ಪರೀಕ್ಷೆ ಮಾಡಿಸಿದ್ದಾರೆ, ವರದಿ ಎಲ್ಲಿ ಹಾಕಿದ್ದಾರೆ ಎಂದು ಕೇಳಿ. ನೋಟಿಸ್ ಬೋರ್ಡ್‌ನಲ್ಲಿ ಇದ್ದರೆ ಅರ್ಧ ನೆಮ್ಮದಿ.

ಸಿಂಹಗಡ ರಸ್ತೆಯ ದಟ್ಟಣೆ ಪುಣೆಯಲ್ಲೇ ಹೆಸರುವಾಸಿ. ಇತ್ತೀಚಿನ ಮೇಲ್ಸೇತುವೆಗಳಿಂದ ಸ್ವಲ್ಪ ಸಲೀಸಾಗಿದೆ. ಖರಾಡಿಯಿಂದ ಹಡಪ್ಸರ್, ಸ್ವಾರಗೇಟ್ ಮೂಲಕ ಖಡಕ್‌ವಾಸ್ಲಾಕ್ಕೆ ಮೆಟ್ರೋ ಮಾರ್ಗಕ್ಕೆ 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಓಡಲು ಶುರುವಾದರೆ ಹಡಪ್ಸರ್ ಮತ್ತು ಸಿಂಹಗಡ ರಸ್ತೆ ಎರಡಕ್ಕೂ ಅನುಕೂಲ. ಆದರೆ ಒಪ್ಪಿಗೆಗೂ ರೈಲಿಗೂ ನಡುವೆ ವರ್ಷಗಟ್ಟಲೆ ಅಗೆದ ರಸ್ತೆ ಇರುತ್ತದೆ. ಬಾಡಿಗೆಗೆ ಬರುವವರು ಆ ಮೆಟ್ರೋವನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ.

ಹಿಂಜವಡಿ ಕಡೆ

ಕೆಲಸ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್‌ನಲ್ಲಿದ್ದರೆ ಸಾಮಾನ್ಯವಾಗಿ ಕೇಳಿಬರುವ ಎರಡು ಹೆಸರು: ಫೇಸ್ 1ರ ಬ್ಲೂ ರಿಡ್ಜ್, ಮಾರುಂಜಿ ಕಡೆಯ ಲೈಫ್ ರಿಪಬ್ಲಿಕ್. ಬ್ಲೂ ರಿಡ್ಜ್ 138 ಎಕರೆ, ಮುಳಾ ನದಿ ಪಕ್ಕ, ಒಳಗೇ ಶಾಲೆ, ಒಂಬತ್ತು ಗುಳಿಯ ಗಾಲ್ಫ್ ಮೈದಾನ. ಗಾಲ್ಫ್ ಮೈದಾನ ಕಣ್ಣಿಗೆ ಹಬ್ಬ, ಆದರೆ ಅದರ ಮೇಲೆ ಮಕ್ಕಳು ಕ್ರಿಕೆಟ್ ಆಡುವಂತಿಲ್ಲ. ಎಕರೆ ಲೆಕ್ಕದಲ್ಲಿ ಅದೂ ಹಸಿರೇ. ಬಳಸುವ ಹಸಿರು ಬೇರೆ, ನೋಡುವ ಹಸಿರು ಬೇರೆ. ಲೈಫ್ ರಿಪಬ್ಲಿಕ್ ಇನ್ನೂ ದೊಡ್ಡದು, 400 ಎಕರೆಯ ಹತ್ತಿರ. ಹಂತ ಹಂತವಾಗಿ ಕಟ್ಟುವ ಇಂಥ ಜಾಗದಲ್ಲಿ ನೀವು ಮೊದಲೇ ಹೋದರೆ ಪಕ್ಕದ ಸೆಕ್ಟರಿನ ಧೂಳು, ಕಾಂಕ್ರೀಟ್ ಲಾರಿ ವರ್ಷಗಟ್ಟಲೆ ಜೊತೆಗಿರುತ್ತವೆ. ಬಾಲ್ಕನಿ ಎದುರಿನ ಖಾಲಿ ಹುಲ್ಲುಗಾವಲು ತೋಟವೋ, ಮುಂದಿನ ಟವರ್‌ಗೆ ಬಿಟ್ಟ ಜಾಗವೋ? ಮಹಾರೇರಾ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಮಂಜೂರಾದ ನಕ್ಷೆ ಸಿಗುತ್ತದೆ, ನೋಡಿ. ರೇರಾ ಕಾನೂನಿನ 14ನೇ ಕಲಮಿನಂತೆ ಆ ನಕ್ಷೆ ಬದಲಿಸಲು ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು.

ಹಿಂಜವಡಿಯ ಮುಖ್ಯ ತಲೆನೋವು ಆಡಳಿತ. ಊರು ಗ್ರಾಮ ಪಂಚಾಯಿತಿಯದು, ಉದ್ಯಮದ ಜಾಗ ರಾಜ್ಯದ ಕೈಗಾರಿಕಾ ನಿಗಮ ಎಂಐಡಿಸಿಯದು, ಯೋಜನೆ ಮಂಜೂರು ಮಾಡುವುದು ಪುಣೆ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ ಪಿಎಂಆರ್‌ಡಿಎ. ಚರಂಡಿ ಯಾರದು ಎಂದು ಕೇಳಿದರೆ ಮೂವರೂ ಬೇರೆಯವರ ಕಡೆ ಕೈ ತೋರಿಸುತ್ತಾರೆ. 2025ರ ಮಳೆಗಾಲದಲ್ಲಿ ಇಲ್ಲಿನ ರಸ್ತೆಗಳು ಹೊಳೆಯಾದದ್ದನ್ನು ಎಲ್ಲರೂ ನೋಡಿದ್ದಾರೆ. ಮಾಣದಿಂದ ಶಿವಾಜಿನಗರದ ಸಿವಿಲ್ ಕೋರ್ಟ್‌ವರೆಗಿನ 23 ನಿಲ್ದಾಣಗಳ ಮೂರನೇ ಮೆಟ್ರೋ ಮಾರ್ಗ ಈ ಭಾಗದ ದೊಡ್ಡ ಆಸೆ. ಪಕ್ಕದ ವಾಕಡ್, ಪುನಾವಳೆ ಪಿಂಪ್ರಿ-ಚಿಂಚವಡ ಪಾಲಿಕೆಯೊಳಗಿವೆ, ಅಲ್ಲಿ ಆಡಳಿತದ ಗೊಂದಲ ಕಡಿಮೆ. ಆದರೆ ಆ ಪಾಲಿಕೆ 2019ರ ನವೆಂಬರ್‌ನಿಂದ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಹಿಡಿದಿದೆ.

ಟೇಕಡಿ ಪಕ್ಕದ ಹಳೇ ಸೊಸೈಟಿ

ದೊಡ್ಡ ಟೌನ್‌ಶಿಪ್ ಹುಡುಕುವವರು ಈ ಆಯ್ಕೆಯನ್ನು ಮರೆತೇಬಿಡುತ್ತಾರೆ. ಪುಣೆಯ ಗುಡ್ಡಗಳಿಗೆ ಇಲ್ಲಿ ಟೇಕಡಿ ಎನ್ನುತ್ತಾರೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ತಳಜಾಯಿ, ಬಾಣೇರ್-ಪಾಷಾಣ್ ಟೇಕಡಿ. ಕೋಥರೂಡ್, ಎರಂಡವಣೆ, ಸಹಕಾರನಗರದ ನಾಲ್ಕು ಮಹಡಿಯ ಹಳೇ ಸೊಸೈಟಿಯಲ್ಲಿ ಮನೆ ಹಿಡಿದರೆ, ಹತ್ತು-ಹದಿನೈದು ನಿಮಿಷ ನಡೆದರೆ ನೂರಾರು ಎಕರೆ ಗುಡ್ಡ. ಮೆಂಟೆನೆನ್ಸ್‌ನಲ್ಲಿ ಅದರ ಖರ್ಚು ಸೊನ್ನೆ. ಬೆಳಿಗ್ಗೆ ನವಿಲು ಕೂಗುತ್ತವೆ. ಫೆಬ್ರವರಿ-ಮಾರ್ಚ್‌ನಲ್ಲಿ ಗೊಬ್ಬರದ ಗಿಡ ಎಲೆ ಉದುರಿಸಿ ತಿಳಿ ಗುಲಾಬಿ ಹೂ ಬಿಡುತ್ತದೆ. ಏಪ್ರಿಲ್‌ನಲ್ಲಿ ಇಡೀ ಗುಡ್ಡ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದೂ ಸರಿಯೇ. ಈ ಮಣ್ಣಿನ ನಿಜವಾದ ಬೇಸಿಗೆ ಅದೇ.

ಟೇಕಡಿ ಮೇಲೆ ಕತ್ತಲಾದ ಮೇಲೆ ಒಬ್ಬರೇ ಹೋಗಬೇಡಿ, ದೋಚಿದ ಪ್ರಕರಣಗಳು ನಡೆದಿವೆ. ಮಂಡಿ ನೋವಿನ ಅಪ್ಪ-ಅಮ್ಮನಿಗೆ ಏರು ದಾರಿ ಆಗದು. ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲ. ಗಾಡಿ ನಿಲ್ಲಿಸಲು ಜಾಗಕ್ಕೆ ದಿನವೂ ಜಗಳ. ಎಲ್ಲಕ್ಕಿಂತ ಮುಖ್ಯ, ಈ ಭಾಗದ ಹಳೇ ಸೊಸೈಟಿಗಳೆಲ್ಲ ಒಂದೊಂದಾಗಿ ರೀಡೆವಲಪ್‌ಮೆಂಟ್‌ಗೆ (ಕೆಡವಿ ಹೊಸದಾಗಿ ಕಟ್ಟಲು) ಹೋಗುತ್ತಿವೆ. ಬಾಡಿಗೆಗೆ ಬರುವಾಗ 'ಮೀಟಿಂಗ್ ಎಲ್ಲಿಗೆ ಬಂದಿದೆ' ಎಂದು ವಾಚ್‌ಮನ್‌ನನ್ನೇ ಕೇಳಿ. ಸೆಕ್ರೆಟರಿಗಿಂತ ಮೊದಲು ಅವನಿಗೆ ಗೊತ್ತಿರುತ್ತದೆ. ಕಟ್ಟಡ ಕೆಡವಿದಾಗ ಅಂಗಳದ ಮಾವಿನ ಮರವೂ ಹೋಗುತ್ತದೆ, ಹೊಸ ನಕ್ಷೆಯಲ್ಲಿ ಅದರ ಜಾಗಕ್ಕೆ ಪಾರ್ಕಿಂಗ್ ಬರುತ್ತದೆ.

ಟೇಕಡಿಯೂ ಶಾಶ್ವತ ಅಂದುಕೊಳ್ಳಬೇಡಿ. ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ವೇತಾಳ ಟೇಕಡಿಯ ಮೇಲೆ ರಸ್ತೆ ಮಾಡುವ ಯೋಜನೆ ವಿರುದ್ಧ 2023ರಲ್ಲಿ ಊರಿನ ಜನ ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು.

ನೀರಿನ ಲೆಕ್ಕ, ಪೆನ್ನು ಹಿಡಿದು

ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎನ್ನುವುದು ಸರ್ಕಾರಿ ಮಾನದಂಡ. ನಾಲ್ಕು ಜನರ ಮನೆಗೆ 540 ಲೀಟರ್. 1,000 ಮನೆಗಳ ಸೊಸೈಟಿಗೆ 5.4 ಲಕ್ಷ ಲೀಟರ್. ಪಾಲಿಕೆ ನೀರು ಪೂರ್ತಿ ನಿಂತರೆ 10,000 ಲೀಟರಿನ ಟ್ಯಾಂಕರ್‌ಗಳು ದಿನಕ್ಕೆ 54 ಬೇಕು. ಈ ಒಂದು ಗುಣಾಕಾರ ಸಾಕು, ಟ್ಯಾಂಕರ್ ನಂಬಿದ ದೊಡ್ಡ ಸೊಸೈಟಿ ಏಕೆ ಕಷ್ಟ ಎಂದು ತಿಳಿಯಲು.

ಈಗ ತೋಟ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹಿಡಿಯಿರಿ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಂದರೆ ಎಕರೆಗೆ 20,000 ಲೀಟರ್, ದಿನಾ ಎರಡು ಟ್ಯಾಂಕರ್. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ದೊಡ್ಡ ಸೊಸೈಟಿಗೆ ಇಲ್ಲೇ ಒಂದು ಅನುಕೂಲವಿದೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80 ಕೊಳಚೆಯಾಗಿ ವಾಪಸ್ ಬರುತ್ತದೆ. 1,000 ಮನೆಗಳಿಂದ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು. ಅದನ್ನು ಶುದ್ಧಮಾಡಿ ಟಾಯ್ಲೆಟ್ ಫ್ಲಶ್‌ಗೆ ತಲೆಗೆ 45 ಲೀಟರಿನಂತೆ ಕೊಟ್ಟರೂ ಎರಡೂವರೆ ಲಕ್ಷ ಉಳಿಯುತ್ತದೆ. ಅದರಲ್ಲಿ 12 ಎಕರೆ ಹುಲ್ಲು ಬದುಕುತ್ತದೆ. ಕೊಳಚೆ ಶುದ್ಧೀಕರಣ ಘಟಕ ಸರಿಯಾಗಿ ನಡೆಯುವ ದೊಡ್ಡ ಸೊಸೈಟಿಯಲ್ಲಿ ತೋಟ ಒಣಗಲು ಕಾರಣವೇ ಇಲ್ಲ. ಒಣಗಿದ್ದರೆ ಘಟಕ ನಡೆಯುತ್ತಿಲ್ಲ, ಅಥವಾ ಕರೆಂಟ್ ಬಿಲ್ ಉಳಿಸಲು ಬಂದ್ ಮಾಡಿಟ್ಟಿದ್ದಾರೆ.

ಹಾಗಾಗಿ ಮನೆ ನೋಡಲು ಹೋದಾಗ ಸ್ವಿಮ್ಮಿಂಗ್ ಪೂಲ್ ತೋರಿಸುವವನಿಗೆ 'ಎಸ್‌ಟಿಪಿ ತೋರಿಸಿ' ಎನ್ನಿ, ಅದೇ ಕೊಳಚೆ ಶುದ್ಧೀಕರಣ ಘಟಕ. ಮುಖ ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಘಟಕದ ಹತ್ತಿರ ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಕೆಟ್ಟಿದೆ. ಮಣ್ಣಿನ ವಾಸನೆ ಬಂದರೆ ಚೆನ್ನಾಗಿದೆ. ಒಳ ಹೋಗುವ ನೀರಿಗೂ ಹೊರ ಬರುವ ನೀರಿಗೂ ಮೀಟರ್ ಇದೆಯಾ, ಓದಿದ್ದನ್ನು ದಿನಾ ಪುಸ್ತಕದಲ್ಲಿ ಬರೆಯುತ್ತಾರಾ ಎಂದು ನೋಡಿ. ನಿಮ್ಮ ಫ್ಲ್ಯಾಟ್ ಘಟಕದ ಪಕ್ಕದ ವಿಂಗ್‌ನಲ್ಲಿದ್ದರೆ ಒಮ್ಮೆ ರಾತ್ರಿ ಬಂದು ಸದ್ದನ್ನೂ ಕೇಳಿ.

ಸೊಸೈಟಿಯ ಹಳೇ ಲೆಕ್ಕಪತ್ರ ಸಿಕ್ಕರೆ ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಖರ್ಚಿನ ಸಾಲೊಂದನ್ನೇ ಓದಿ. ವಾರ್ಷಿಕ ಮೊತ್ತ ನೋಡಿದರೆ ಮಳೆಗಾಲ ಸೇರಿ ಸರಾಸರಿ ಸಣ್ಣದಾಗಿ ಕಾಣುತ್ತದೆ.

ದುಡ್ಡು, ಕಾಗದ

ಮೆಂಟೆನೆನ್ಸ್ ಹಂಚುವ ರೀತಿ ಎಲ್ಲ ಕಡೆ ಒಂದೇ ಅಲ್ಲ. 1960ರ ಸಹಕಾರಿ ಕಾನೂನಿನಡಿ ನೋಂದಾಯಿಸಿದ ಹೌಸಿಂಗ್ ಸೊಸೈಟಿಯಲ್ಲಿ ಸೇವಾ ಶುಲ್ಕ ಪ್ರತಿ ಫ್ಲ್ಯಾಟಿಗೂ ಸಮ. 1970ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾನೂನಿನಡಿಯ ಕಾಂಡೋಮಿನಿಯಂನಲ್ಲಿ ಅವಿಭಾಜ್ಯ ಪಾಲಿನ ಪ್ರಕಾರ, ಅಂದರೆ ದೊಡ್ಡ ಮನೆಗೆ ಜಾಸ್ತಿ. ಒಂದು ಬೆಡ್‌ರೂಮ್ ಕೊಳ್ಳುವವರಿಗೆ ಎರಡನೆಯದು ಲಾಭ, ನಾಲ್ಕು ಬೆಡ್‌ರೂಮ್‌ನವರಿಗೆ ಮೊದಲನೆಯದು. ಟೌನ್‌ಶಿಪ್‌ನಲ್ಲಿ ಇದರ ಮೇಲೆ ಇನ್ನೊಂದು ಪದರ ಇರಬಹುದು. ನಿಮ್ಮ ಕಟ್ಟಡದ ಖರ್ಚು ಬೇರೆ, ಇಡೀ ಟೌನ್‌ಶಿಪ್‌ನ ರಸ್ತೆ-ತೋಟದ ಖರ್ಚು ಬೇರೆ. ಎರಡೂ ಕೂಡಿಸಿ ಎಷ್ಟು ಎಂದೇ ಕೇಳಿ. ತಿಂಗಳ ಮೆಂಟೆನೆನ್ಸ್ 7,500 ರೂಪಾಯಿ ದಾಟಿ, ಸೊಸೈಟಿಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಶೇ. 18 ಜಿಎಸ್‌ಟಿಯೂ ಬೀಳುತ್ತದೆ. ದೊಡ್ಡ ಸೊಸೈಟಿಗೆ 20 ಲಕ್ಷ ಯಾವ ಲೆಕ್ಕ.

ಕೊಳ್ಳುವವರು ಸಿಂಕಿಂಗ್ ಫಂಡ್, ಅಂದರೆ ದೊಡ್ಡ ರಿಪೇರಿಗೆಂದು ಸೊಸೈಟಿ ಕೂಡಿಡುವ ದುಡ್ಡು, ಎಷ್ಟಿದೆ ಎಂದು ವಿಚಾರಿಸಲೇಬೇಕು. ಸಹಕಾರಿ ಸೊಸೈಟಿಗಳ ಮಾದರಿ ಉಪನಿಯಮದಂತೆ ಕಟ್ಟಿದ ವೆಚ್ಚದ ಕನಿಷ್ಠ ಶೇ. 0.25 ವರ್ಷವೂ ಅದಕ್ಕೆ ಹೋಗಬೇಕು. ಹದಿನೈದು ವರ್ಷದ ಕಟ್ಟಡದಲ್ಲಿ ಆ ಖಾತೆ ಖಾಲಿ ಇದ್ದರೆ ಮುಂದಿನ ಲಿಫ್ಟ್ ನಿಮ್ಮ ಜೇಬಿನಿಂದಲೇ ಬರುತ್ತದೆ. ಮನೆ ಕೊಂಡು ಬಾಡಿಗೆ ಕೊಡುವ ಯೋಚನೆ ಇದ್ದರೆ, ಸಹಕಾರಿ ಸೊಸೈಟಿ ಅದಕ್ಕೆಂದು ಸೇವಾ ಶುಲ್ಕದ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಬಾಡಿಗೆಗೆ ಬರುವವರಿಗೆ ಕರ್ನಾಟಕದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದರೆ ಸಾಲದು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರನ್ನು (ಮನೆ ಬಾಡಿಗೆಗೆ ಇಲ್ಲಿ ಮಾಡುವ ಕರಾರು) 1999ರ ಬಾಡಿಗೆ ಕಾನೂನಿನಂತೆ ನೋಂದಾಯಿಸಲೇಬೇಕು. ಏಜೆಂಟ್ ಮನೆಗೇ ಬಂದು ಹೆಬ್ಬೆಟ್ಟು ತೆಗೆದುಕೊಂಡು ಹೋಗುತ್ತಾನೆ. ಪೊಲೀಸ್ ವೆರಿಫಿಕೇಶನ್ ಕೂಡ ಆನ್‌ಲೈನ್‌ನಲ್ಲೇ ಆಗುತ್ತದೆ. ಕರಾರಿನಲ್ಲಿ ಕ್ಲಬ್‌ಹೌಸ್, ಪೂಲ್ ಬಳಕೆ ಬಾಡಿಗೆದಾರರಿಗೆ ಇದೆಯೋ ಇಲ್ಲವೋ ಬರೆಸಿಕೊಳ್ಳಿ. ನನಗೆ ಗೊತ್ತಿರುವ ಒಂದು ಸೊಸೈಟಿಯಲ್ಲಿ ಬಾಡಿಗೆದಾರರ ಮಕ್ಕಳಿಗೆ ಪೂಲ್ ಪಾಸಿಗೆ ಪ್ರತ್ಯೇಕ ದುಡ್ಡು ಕೇಳಿ ಬೇಸಿಗೆ ರಜೆ ಪೂರ್ತಿ ಜಗಳ ನಡೆಯಿತು.

ಹಾಗಾದರೆ ಯಾರಿಗೆ ಯಾವುದು

ಕೆಲಸದ ಜಾಗದ ನಂತರ ನಾನು ನೋಡುವುದು ಊರಿನ ದಾರಿ. ಹಬ್ಬಕ್ಕೆ, ಮದುವೆಗೆ, ಅವಸರಕ್ಕೆ ಊರಿಗೆ ಓಡುವವರು ನಾವು. ಕಲಬುರಗಿ, ವಿಜಯಪುರದವರಿಗೆ ಹಡಪ್ಸರ್ ವಾಸಿ, ಸೋಲಾಪುರ ರಸ್ತೆ ಬಾಗಿಲಲ್ಲೇ ಇದೆ. ಬೆಳಗಾವಿ, ಹುಬ್ಬಳ್ಳಿ, ಧಾರವಾಡದವರಿಗೆ ನಾಂದೇಡ್ ಸಿಟಿ ಅಥವಾ ಕೋಥರೂಡ್, ಏಕೆಂದರೆ ಬೆಂಗಳೂರು ಹೆದ್ದಾರಿಯ ನವಲೆ ಸೇತುವೆ ಹತ್ತಿರ, ರಾತ್ರಿ ಬಸ್ಸುಗಳು ಹೆದ್ದಾರಿಯಲ್ಲೇ ಸಿಗುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಶುರುವಾದ ಮೇಲೆ ರೈಲು ಹಿಡಿಯುವವರಿಗೆ ಪುಣೆ ನಿಲ್ದಾಣದ ದೂರವೂ ಮುಖ್ಯ. ಹಿಂಜವಡಿಯಿಂದ ಬೆಳಗಿನ ಹೊತ್ತು ನಿಲ್ದಾಣ ಮುಟ್ಟುವುದೇ ಒಂದು ಪ್ರಯಾಣ.

ಅಪ್ಪ-ಅಮ್ಮ ವರ್ಷದಲ್ಲಿ ಆರು ತಿಂಗಳು ಜೊತೆಗಿರುವ ಮನೆಗೆ ನಾನು ಮಗರಪಟ್ಟಾ ಎನ್ನುತ್ತೇನೆ. ಸಮತಟ್ಟು ನೆಲ, ಬೆಳೆದ ಮರ, ಒಳಗೇ ಡಾಕ್ಟರು. ಸಣ್ಣ ಮಕ್ಕಳ ಜೊತೆ ಕೊಳ್ಳುವ ಯೋಚನೆ ಇದ್ದು, ಕೆಲಸ ಮನೆಯಿಂದಲೇ ಹೆಚ್ಚು ನಡೆಯುವುದಾದರೆ ನಾಂದೇಡ್ ಸಿಟಿ, ನೀರಿನ ವರದಿ ನೋಡಿದ ಮೇಲೆ. ಗಂಡ-ಹೆಂಡತಿ ಇಬ್ಬರೂ ಹಿಂಜವಡಿಯಲ್ಲಿ ದುಡಿಯುವವರಾದರೆ ಅಲ್ಲೇ ಬಾಡಿಗೆಗೆ ಇರಿ. ಕೊಳ್ಳುವುದನ್ನು ಮೆಟ್ರೋ ಮತ್ತು ಚರಂಡಿ ಎರಡನ್ನೂ ಕಣ್ಣಾರೆ ನೋಡುವವರೆಗೆ ಮುಂದೂಡಿ. ಮದುವೆಯಾಗದ ಹುಡುಗ-ಹುಡುಗಿಯರಿಗೆ, ಓದುವವರಿಗೆ, ಕಾಲು ಗಟ್ಟಿ ಇರುವವರಿಗೆ ಟೇಕಡಿ ಪಕ್ಕದ ಹಳೇ ಸೊಸೈಟಿಯೇ ಸೈ. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘವೂ ಹತ್ತಿರ. ಮಗುವನ್ನು ಸಂಘದ ಶಾಲೆಗೆ ಹಾಕುವ ಯೋಚನೆ ಇದ್ದವರು ಕೋಥರೂಡ್-ಕರ್ವೆನಗರ ಬಿಟ್ಟು ದೂರ ಹೋಗದಿರುವುದೇ ಒಳ್ಳೆಯದು.

ಎರಡು ಜಾಗದ ನಡುವೆ ಮನಸ್ಸು ತೂಗಾಡುತ್ತಿದ್ದರೆ ಕೊಳ್ಳುವ ಮೊದಲು ಅದೇ ಸೊಸೈಟಿಯಲ್ಲಿ 11 ತಿಂಗಳ ಕರಾರಿಗೆ ಬಾಡಿಗೆ ಹಿಡಿಯಿರಿ. ಕರಾರು ಜುಲೈನಲ್ಲಿ ಶುರುವಾದರೆ ಮಳೆಯ ಸೋರಿಕೆ ಮೊದಲು ಕಾಣುತ್ತದೆ, ಮುಗಿಯುವ ಮುನ್ನ ಮೇ ತಿಂಗಳ ನೀರೂ ಕಾಣುತ್ತದೆ.